ಯಾವ ತಾಲ್ಲೂಕಿನ ಹೊಸಳ್ಳಿ?

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಗುಡ್ಡ ಕುಸಿಯಿತು. ಮಾರನೇ ದಿನದ ತಾರೀಕಿನಲ್ಲೇ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಬಿತ್ತು. ಆರು ರಾಜ್ಯಗಳ 56,825 ಚದರ ಕಿಲೋಮೀಟರ್, ಅದರಲ್ಲಿ ನಮ್ಮ ರಾಜ್ಯದ್ದೇ 20,668. ಆಕ್ಷೇಪಣೆಗೆ 60 ದಿನ.

ನಾನು ಮಲೆನಾಡಿನಿಂದ ಪರಿಸರದ ಸುದ್ದಿ ಬರೆಯುವವನು. ಸಂಜೆಯೊಳಗೆ ಲೇಖನ ಕಳಿಸಬೇಕಿತ್ತು. ಊರುಗಳ ಪಟ್ಟಿಯೇ ಪುಟಗಟ್ಟಲೆ ಇತ್ತು. ಪಿಡಿಎಫ್ ಅನ್ನು ಎಐಗೆ ಕೊಟ್ಟು, ನಮ್ಮ ಸುತ್ತಿನ ಊರುಗಳನ್ನು ಆರಿಸಿಕೊಡು ಎಂದೆ. ಎರಡೇ ನಿಮಿಷ. ಪಟ್ಟಿ ಬಂತು. ಕಾನೂನಿನ ಭಾಷೆಯನ್ನೂ ಚೆನ್ನಾಗಿ ಬಿಡಿಸಿ ಹೇಳಿತ್ತು. ನಿಜಕ್ಕೂ ದೊಡ್ಡ ಸಹಾಯ ಅನ್ನಿಸಿತು.

ಅಷ್ಟರಲ್ಲಿ ಅಡಿಕೆ ಬೆಳೆಯುವ ಗೌಡರೊಬ್ಬರ ಫೋನು. "ನಮ್ಮ ಹೊಸಳ್ಳಿ ಅದರಲ್ಲಿದೆಯೇನಪ್ಪಾ?"

ಪಟ್ಟಿ ನೋಡಿದೆ. "ಇದೆ ಗೌಡ್ರೇ" ಅಂದುಬಿಟ್ಟೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದ್ರೆ ತೋಟ ಬಿಡಬೇಕಾ?" ಎಂದರು. ಬಿಡಬೇಕಿಲ್ಲ, ತಡೆ ಇರುವುದು ಗಣಿ, ಕಲ್ಲುಕ್ವಾರಿ, ಮರಳು ತೆಗೆಯೋದು, ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಕಟ್ಟಡ, ಇಂಥವಕ್ಕೆ ಎಂದೆ. ಅವರಿಗೆ ಸಮಾಧಾನ ಆಗಲಿಲ್ಲ. ಆ ದನಿ ಕೇಳಿದ ಮೇಲೆ ಲೇಖನ ಕಳಿಸಲು ಕೈ ಬರಲಿಲ್ಲ.

ಮೂಲ ಪಟ್ಟಿ ತೆರೆದು ಸಾಲು ಸಾಲಾಗಿ ಓದತೊಡಗಿದೆ. ಹೊಸಳ್ಳಿ ಇತ್ತು, ಆದರೆ ಪಕ್ಕದ ತಾಲ್ಲೂಕಿನದು. ಮಲೆನಾಡಿನಲ್ಲಿ ಹೊಸಳ್ಳಿ, ಹೊಸೂರು ಅಂತ ಎಷ್ಟು ಊರುಗಳಿಲ್ಲ? ನಮಗಾದರೆ ಯಾವ ಹೋಬಳಿ ಅಂತ ಕೇಳದೆ ಮಾತು ಮುಂದೆ ಹೋಗುವುದೇ ಇಲ್ಲ, ಅಲ್ವಾ? ಯಂತ್ರ ಹೆಸರು ನೋಡಿತು, ತಾಲ್ಲೂಕಿನ ಕಾಲಂ ಬಿಟ್ಟಿತು. ಅದನ್ನು ನೋಡಬೇಕಾದವನು ನಾನು. ನೋಡದೆ ಹೇಳಿದ್ದೆ.

ಆಮೇಲೆ ಎಲ್ಲದರ ಮೇಲೂ ಅನುಮಾನ ಬಂತು. ಎಐ ಕೊಟ್ಟ ಹಿನ್ನೆಲೆಯ ಪ್ಯಾರಾದಲ್ಲಿ, ಪಶ್ಚಿಮಘಟ್ಟದ ಬಗ್ಗೆ 2011ರಲ್ಲಿ ವರದಿ ಕೊಟ್ಟ ಗಾಡ್ಗೀಳ್ ಸಮಿತಿ ಹೇಳಿದ ಮೂರು ವಲಯಗಳನ್ನು ಅದೇ ವಿಷಯದ 2013ರ ಕಸ್ತೂರಿರಂಗನ್ ವರದಿಗೆ ಅಂಟಿಸಿತ್ತು. ಈ ಎರಡು ವರದಿಗಳ ವ್ಯತ್ಯಾಸದ ಮೇಲೂ ಜಗಳ ನಡೆದಿದೆ. ಅದನ್ನೂ ತಿದ್ದಿದೆ. ಲೇಖನ ಮರುದಿನಕ್ಕೆ ಹೋಯಿತು. ಪಟ್ಟಿ ಹುಡುಕಲು ಎಐ ಬಳಸಿದ್ದೇನೆ, ಪ್ರತಿ ಊರನ್ನೂ ಮೂಲದ ಜೊತೆ ತಾಳೆ ನೋಡಿದ್ದೇನೆ ಎಂದು ಕೊನೆಯಲ್ಲಿ ಬರೆದೆ.

ಗೌಡರಿಗೆ ಫೋನ್ ಮಾಡಿದರೆ ಅವರು ತೆಗೆಯಲಿಲ್ಲ. ಆ ಪುಟ ಪ್ರಿಂಟ್ ಮಾಡಿಸಿ, ಮಳೆಯಲ್ಲೇ ಬೈಕ್ ತೆಗೆದೆ. ಜಗಲಿಯಲ್ಲಿ ಆಗಲೇ ಏಳೆಂಟು ಜನ ಸೇರಿದ್ದರು. ಸುದ್ದಿ ಹಬ್ಬಿಯಾಗಿತ್ತು. ತಪ್ಪಾಯಿತು ಎಂದು ಹೇಳಿ ಹಾಳೆ ಕೊಟ್ಟೆ. ಗೌಡರು ಕನ್ನಡಕ ಹಾಕಿಕೊಂಡು, ತಾಲ್ಲೂಕಿನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಹಾಳೆಯನ್ನು ಪಕ್ಕದವರಿಗೆ ದಾಟಿಸಿ, "ನೀವೂ ಓದಿ ನೋಡಿ" ಎಂದರು.