ಪ್ಲೇಟ್‌ಲೆಟ್ ಒಂದನ್ನೇ ಕೇಳಬೇಡಿ

ನಾನು ಕೊಡಗಿನ ಗೋಣಿಕೊಪ್ಪದ ಒಂದು ಸಣ್ಣ ರಕ್ತಪರೀಕ್ಷಾ ಕೇಂದ್ರದಲ್ಲಿ ಟೆಕ್ನಿಷಿಯನ್. ಮಳೆಗಾಲ ಹಿಡಿದು ಡೆಂಗಿ ಶುರುವಾಯಿತೆಂದರೆ ನಮ್ಮ ಫೋನಿಗೆ ಬರುವುದು ಒಂದೇ ಪ್ರಶ್ನೆ: "ಎಷ್ಟಿದೆ?" ಏನು ಎಷ್ಟಿದೆ ಎಂದು ಅವರೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಪ್ಲೇಟ್‌ಲೆಟ್. ಒಂದು ಲಕ್ಷಕ್ಕಿಂತ ಕೆಳಗೆ ಎಂದರೆ ಆ ಕಡೆ ಪಪ್ಪಾಯಿ ಎಲೆ ಅರೆಯಲು ಓಡುತ್ತಾರೆ, ಮೇಲೆ ಎಂದರೆ ಫೋನ್ ಇಟ್ಟುಬಿಡುತ್ತಾರೆ. ಅದೇ ಹಾಳೆಯಲ್ಲಿ ಇನ್ನೂ ಹದಿನೈದಿಪ್ಪತ್ತು ಸಾಲುಗಳಿರುತ್ತವೆ. ಅವುಗಳ ಗತಿ ಕೇಳುವವರಿಲ್ಲ.

ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ನಿಜ. ಆದರೆ ಜೀವಕ್ಕೆ ಕುತ್ತು ತರುವುದು ಹೆಚ್ಚಾಗಿ ಬೇರೆಯದೇ ಒಂದು ಸಂಗತಿ. ರಕ್ತನಾಳಗಳ ಗೋಡೆ ಸಡಿಲಗೊಂಡು, ರಕ್ತದ ನೀರಿನಂಶ, ಅಂದರೆ ಪ್ಲಾಸ್ಮಾ, ಹೊರಗೆ ಜಿನುಗಿ ಹೊಟ್ಟೆಯಲ್ಲಿ, ಎದೆಯಲ್ಲಿ ಸೇರಿಕೊಳ್ಳುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಈ ಗಟ್ಟಿತನವನ್ನು ಹೇಳುವ ಸಾಲಿಗೆ ಪಿಸಿವಿ ಎಂದು ಹೆಸರು. ಕೆಲವು ರಿಪೋರ್ಟ್‌ಗಳಲ್ಲಿ ಹೆಮಟೋಕ್ರಿಟ್ ಎಂದಿರುತ್ತದೆ. ನೂರು ಪಾಲು ರಕ್ತದಲ್ಲಿ ಕೆಂಪುಕಣಗಳು ಎಷ್ಟು ಪಾಲು ಎಂಬ ಲೆಕ್ಕ ಅದು. ಪ್ಲೇಟ್‌ಲೆಟ್ ಸರಸರನೆ ಇಳಿಯುತ್ತಿರುವಾಗಲೇ ಪಿಸಿವಿ ಏರತೊಡಗಿದರೆ ಅದನ್ನು ಅಪಾಯದ ಮುನ್ಸೂಚನೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿಯೇ ಬರೆದಿದೆ. ಮೊದಲಿದ್ದ ಅಂಕಿಗಿಂತ ಶೇ 20ರಷ್ಟು ಏರಿದರೆ ಸೋರಿಕೆ ಜೋರಾಗಿದೆ ಎಂದೇ ಅರ್ಥ.

ಇನ್ನೊಂದು ತೊಡಕಿದೆ. ಇದೆಲ್ಲ ನಡೆಯುವುದು ಜ್ವರ ಬಿಡುವ ಹೊತ್ತಿಗೆ, ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ. ಮನೆಯವರು ಉಸಿರು ಬಿಡುವುದೂ ಆಗಲೇ.

ಕಳೆದ ಮಳೆಯಲ್ಲಿ ಒಂದು ತೋಟದ ಲೆಕ್ಕ ನೋಡುವ ರೈಟರ್, ಆಳುಗಳ ಸಾಲುಮನೆಯ, ಅಂದರೆ ಲೈನ್ ಮನೆಯ, ಹೆಂಗಸೊಬ್ಬರನ್ನು ಜೀಪಿನಲ್ಲಿ ಕರೆತಂದಿದ್ದರು. ಜ್ವರ ಬಂದ ಮರುದಿನ ತೆಗೆದ ರಕ್ತದಲ್ಲಿ ಪಿಸಿವಿ 30. ನಮ್ಮ ತೋಟಗಳ ಹೆಣ್ಣಾಳುಗಳಲ್ಲಿ ಇದು ಅಪರೂಪವಲ್ಲ. ರಕ್ತಹೀನತೆ ಮೈಗೆ ಒಗ್ಗಿಹೋಗಿರುತ್ತದೆ. ಜ್ವರ ಬಿಟ್ಟ ಮೇಲೆ ಮತ್ತೆ ಬಂದಾಗ 36.5. ಹೆಂಗಸರಿಗೆ ನಮ್ಮ ರಿಪೋರ್ಟ್ ಮುದ್ರಿಸುವ ಮಿತಿ 36ರಿಂದ 46. ಹಾಗಾಗಿ ಮೊದಲ ದಿನ 'ಕಡಿಮೆ' ಎಂದು ದಪ್ಪಕ್ಷರದಲ್ಲಿ ಬಂದಿದ್ದ ಸಾಲು ಈಗ ಸಾದಾ ಅಕ್ಷರದಲ್ಲಿ, ಏನೂ ಆಗಿಲ್ಲವೆಂಬಂತೆ ಬಂದಿತ್ತು. ಓದಿದವರು ರಕ್ತ ಹೆಚ್ಚಾಯಿತು ಎಂದು ಸಂತೋಷಪಡಬೇಕು, ಅಷ್ಟು ಚೆನ್ನಾದ ರಿಪೋರ್ಟ್! ಆದರೆ 30ರಿಂದ 36.5 ಎಂದರೆ ಶೇ 20ನ್ನೂ ಮೀರಿದ ಏರಿಕೆ.

"ಜ್ವರ ಬಿಟ್ಟಿತಲ್ಲ ಮೇಡಂ, ನಾಳೆಯಿಂದ ಕೆಲಸಕ್ಕೆ ಬರಬಹುದಲ್ಲವೇ?" ಎಂದರು ರೈಟರ್. ಆ ಅಕ್ಕ ಬೆಂಚಿನ ತುದಿಯಲ್ಲಿ ಬಲಪಕ್ಕೆಯ ಕೆಳಗೆ ಕೈ ಒತ್ತಿಕೊಂಡು ಕುಳಿತಿದ್ದರು. ಬೆಳಗಿನಿಂದ ಎರಡು ಸಲ ವಾಂತಿ. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ಎರಡೂ ದಿನದ ಪಿಸಿವಿ, ಪ್ಲೇಟ್‌ಲೆಟ್‌ಗಳನ್ನು ಅಕ್ಕಪಕ್ಕ ಬರೆದು, ಹೊಟ್ಟೆನೋವಿನ ವಿಷಯವನ್ನೂ ಸೇರಿಸಿ, ಪರೀಕ್ಷೆ ಬರೆದಿದ್ದ ವೈದ್ಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಅದೇ ಜೀಪಿನಲ್ಲಿ ಮಡಿಕೇರಿಗೆ ಕಳುಹಿಸಿದರು. ಗಂಟೆಗಂಟೆಗೆ ಅಳೆದು ಡ್ರಿಪ್ ಹಾಕಿದರಂತೆ. ಒಂದು ಚೀಲ ಪ್ಲೇಟ್‌ಲೆಟ್ ಕೂಡ ಕೊಡಲಿಲ್ಲವಂತೆ. ವಾರ ಕಳೆದು ತಾವೇ ಬಸ್ಸಿನಲ್ಲಿ ಬಂದು ರಕ್ತ ಕೊಟ್ಟು ಹೋದರು. ಪಿಸಿವಿ ಮತ್ತೆ ತನ್ನ ಹಳೆಯ ಜಾಗಕ್ಕೆ ಇಳಿದಿತ್ತು.

ಅದೇ ವಾರ ಕಾಲೇಜು ಹುಡುಗನೊಬ್ಬನ ಪ್ಲೇಟ್‌ಲೆಟ್ 28 ಸಾವಿರಕ್ಕೆ ಇಳಿದು, ಅವನ ಮಾವ ರಕ್ತನಿಧಿಗೆ ಫೋನ್ ಮಾಡಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ ದಾನಿಗಳಿಗಾಗಿ ಮೊರೆಯಿಟ್ಟು ಊರನ್ನೇ ಎಬ್ಬಿಸಿದ್ದರು. ಹುಡುಗನ ಪಿಸಿವಿ ಅಲುಗಿರಲಿಲ್ಲ. ಎಲ್ಲಿಯೂ ರಕ್ತಸ್ರಾವವಿಲ್ಲ. ಕಡುಬು ಬೇಕೆಂದು ತಾಯಿಯನ್ನು ಪೀಡಿಸುತ್ತಿದ್ದ. ರಕ್ತಸ್ರಾವವಿಲ್ಲದಿದ್ದರೆ ಬರೀ ಅಂಕಿ ನೋಡಿ ಪ್ಲೇಟ್‌ಲೆಟ್ ಏರಿಸುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿದ್ದು ಮಾವನಿಗೆ ಅಷ್ಟೇನೂ ರುಚಿಸಲಿಲ್ಲ. ಕಾದರು. ಅದು ತಾನಾಗಿಯೇ ಏರಿತು. ಹೆಸರು ಬಂದದ್ದು ಮಾತ್ರ ಪಪ್ಪಾಯಿ ಎಲೆಗೆ.

ಇನ್ನು ಯಂತ್ರದ ಚೇಷ್ಟೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕವಿರುತ್ತದೆ. ಕೆಲವರ ಪ್ಲೇಟ್‌ಲೆಟ್‌ಗಳು ಅದಕ್ಕೆ ಮುನಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರಕ್ಕೆ ಗುಂಪನ್ನು ಬಿಡಿಸಿ ಎಣಿಸಲು ಬರುವುದಿಲ್ಲ. ಎರಡು ಲಕ್ಷವಿರುವವರಿಗೆ ನಲವತ್ತು ಸಾವಿರ ಎಂದು ಮುದ್ರಿಸಿ ಕೈತೊಳೆದುಕೊಳ್ಳುತ್ತದೆ. ಸ್ಲೈಡಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಲೈಡಿನ ಅಂಚಿನಲ್ಲಿ ಗುಂಪು ಕಟ್ಟಿಕೊಂಡಿರುವುದು ಕಾಣುತ್ತದೆ. ಆಗ ಬೇರೆ ರಾಸಾಯನಿಕವಿರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ಇನ್ನೊಮ್ಮೆ ರಕ್ತ ಬೇಕು. "ಮತ್ತೆ ಚುಚ್ಚುವುದೇ?" ಎಂದು ಬೈದರೆ ಬೈಸಿಕೊಳ್ಳುತ್ತೇನೆ.

ನಮ್ಮ ಮಳೆಗೆ ಇಲಿಜ್ವರವೂ ಜೊತೆಗಾರ. ನಾಟಿ ಗದ್ದೆಯಲ್ಲಿ, ತೋಟದ ಚರಂಡಿಯಲ್ಲಿ ಬರಿಗಾಲಿನಲ್ಲಿ ನಿಲ್ಲುವವರಿಗೆ ಬರುವಂಥದ್ದು. ಕಣ್ಣು ಹಳದಿಯಾದೊಡನೆ ಕಾಮಾಲೆ ಎಂದು ನಾಟಿ ಔಷಧಕ್ಕೆ ಹೋಗುವವರಿದ್ದಾರೆ. ರಕ್ತ ಮಾತ್ರ ಎರಡನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ವೈರಸ್‌ನಿಂದ ಬಂದ ಕಾಮಾಲೆಯಲ್ಲಿ ಯಕೃತ್ತಿನ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ಸಾವಿರ ದಾಟುವುದುಂಟು. ಇಲಿಜ್ವರ ಬಿಗಡಾಯಿಸಿದಾಗ ಕಣ್ಣನ್ನು ಹಳದಿ ಮಾಡುವ ಬಿಲಿರುಬಿನ್ ಬೆಟ್ಟದಷ್ಟು ಏರಿದ್ದರೂ ಅವೆರಡು ಸಾಮಾನ್ಯವಾಗಿ ಅಷ್ಟು ಏರಿರುವುದಿಲ್ಲ, ಜೊತೆಗೆ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಹತ್ತತೊಡಗಿರುತ್ತದೆ. ಇಲ್ಲಿಯೂ ಅದೇ ಕಥೆ: ಯಾವಾಗಲೂ 0.7 ಇದ್ದ ಹುಡುಗನಿಗೆ 1.3 ಬಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಅನೇಕ ರಿಪೋರ್ಟ್‌ಗಳಲ್ಲಿ ಅದೂ ಮಿತಿಯೊಳಗೇ.

ಮಳೆಗಾಲದ ಮಾತು ಬಂದಿರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೊಡವರ ಕಕ್ಕಡ ತಿಂಗಳ ಹದಿನೆಂಟು, ಅಂದರೆ ಆಗಸ್ಟ್ 3ರಂದು ಮದ್ದು ಸೊಪ್ಪಿನ ಪಾಯಸ ಉಂಡವರ ಮೂತ್ರ ಕೆಂಪಾಗುತ್ತದೆ. ಇದು ಊರಿಗೆಲ್ಲ ಗೊತ್ತು, ಆದರೆ ಹೊರಗಿನಿಂದ ಬಂದು ಹೋಂಸ್ಟೇಯಲ್ಲಿ ಉಂಡವರಿಗೆ ಗೊತ್ತಿರುವುದಿಲ್ಲ. ಬಿಳುಚಿದ ಮುಖ ಹೊತ್ತು ಡಬ್ಬಿ ಹಿಡಿದು ಬರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಒಂದೇ ಒಂದು ಕೆಂಪುಕಣ ಇರುವುದಿಲ್ಲ. "ನಿನ್ನೆ ಪಾಯಸ ಉಂಡಿರಾ?" ಎಂದು ಕೇಳಿ, ದುಡ್ಡು ತೆಗೆದುಕೊಳ್ಳಲು ಸಂಕೋಚಪಡುತ್ತೇನೆ.

ಉರಿಯೂತದ ಸುಳಿವು ಕೊಡುವ ಸಿಆರ್‌ಪಿ, ಇಎಸ್‌ಆರ್ ಎಂಬ ರಕ್ತಪರೀಕ್ಷೆಗಳ ಬಗ್ಗೆಯೂ ಕೇಳುತ್ತಾರೆ. ಸಿಆರ್‌ಪಿ ಸೋಂಕು, ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರಿ, ಅದು ತಣಿದೊಡನೆ ಬೇಗ ಇಳಿಯುತ್ತದೆ. ಇಎಸ್‌ಆರ್ ನಿಧಾನದ್ದು, ರಕ್ತಹೀನತೆಗೂ ಬಸಿರಿಗೂ ಏರುತ್ತದೆ. ಎರಡೂ ಎಲ್ಲೋ ಬೆಂಕಿಯಿದೆ ಎನ್ನುತ್ತವೆ, ಎಲ್ಲಿ ಎನ್ನುವುದಿಲ್ಲ. ಅಷ್ಟು ಸಾಕು.

ಪಿಸಿವಿ, ಕ್ರಿಯಾಟಿನಿನ್‌ಗಳನ್ನು ಹೋಲಿಸಿ ನೋಡಲು ಹಿಂದಿನ ಅಂಕಿ ಎಲ್ಲಿಂದ ಬರಬೇಕು? ಲೈನ್ ಮನೆಗಳಲ್ಲಿ ಕಾಗದ ಉಳಿಯುವುದಿಲ್ಲ. ನಮ್ಮ ಮಳೆಗೆ ಅಟ್ಟದ ಮೇಲಿನ ಟ್ರಂಕಿನೊಳಗೂ ಬೂಷ್ಟು ಹಿಡಿಯುತ್ತದೆ. ಪೊನ್ನಂಪೇಟೆ ಕಡೆಯ ಅಜ್ಜಿಯೊಬ್ಬರು ಪ್ರತಿ ಪರೀಕ್ಷೆಯಾದ ಮೇಲೆ ಕ್ಯಾಲೆಂಡರಿನ ಹಿಂಬದಿಯಲ್ಲಿ ತಾರೀಖು, ಹಿಮೋಗ್ಲೋಬಿನ್, ಪಿಸಿವಿ, ಕ್ರಿಯಾಟಿನಿನ್ ನಾಲ್ಕನ್ನೇ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ, ಮನೆಯ ಆಳುಗಳದ್ದೂ ಸೇರಿಸಿ. ಮೊನ್ನೆ ಅವರ ತೋಟದ ಹುಡುಗನಿಗೆ ಜ್ವರ ಬಂದಾಗ ಆ ಹಾಳೆಯನ್ನೇ ಹರಿದು ಕೊಟ್ಟು ಕಳುಹಿಸಿದ್ದರು. ಎದುರು ಬದಿಯಲ್ಲಿ ಹಾಲಿನ ಲೆಕ್ಕವಿತ್ತು. ಅದನ್ನು ವಾಪಸು ಕಳುಹಿಸಲು ಮರೆಯಬೇಡಿ ಎಂದು ಫೋನ್ ಕೂಡ ಮಾಡಿದರು.