ದೇವರ ಚಿತ್ತ ಯಾವುದೆಂದು ತಿಳಿಯುವುದು ಹೇಗೆ?

ಭಾನುವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ಯಾರಾದರೊಬ್ಬರು ಕೇಳುತ್ತಾರೆ: “ಪ್ರಾರ್ಥನೆಯಲ್ಲಿ ಸಿಕ್ಕ ಉತ್ತರ ದೇವರದ್ದೋ, ನಮ್ಮ ಮನಸ್ಸಿನದ್ದೋ?” ಕೇಳುವವರ ಮುಂದೆ ಸಾಮಾನ್ಯವಾಗಿ ಒಂದು ಮದುವೆಯೋ ಮಾರಬೇಕಾದ ಜಮೀನೋ ಇರುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಾದಾಪುರದ ಕಡೆ ಗುಡ್ಡಗಳು ಜರಿದಾಗ ನಮ್ಮ ಕಾಫಿ ತೋಟದ ಒಂದು ಮಗ್ಗುಲು ಕೆಸರಾಗಿ ಹೊಳೆಗಿಳಿಯಿತು. ಉಳಿದದ್ದನ್ನು ಮಾರಿ ಮೈಸೂರಿಗೆ ಹೋಗಬೇಕೆಂದು ಅದೇ ವಾರ ನಿರ್ಧರಿಸಿ, ಆಮೇಲೆ ಪ್ರಾರ್ಥನೆಗೆ ಕುಳಿತೆ. ಕಣ್ಣು ಮುಚ್ಚಿ ಬೈಬಲ್ ತೆರೆದೆ. ಬೇಡದ ವಾಕ್ಯ ಬಂದರೆ ಮತ್ತೆ ತೆರೆದೆ. ಕೊನೆಗೆ ಸ್ವದೇಶ ಬಿಟ್ಟು ಹೊರಡೆಂದು ದೇವರು ಅಬ್ರಹಾಮನಿಗೆ ಹೇಳುವ ಆದಿಕಾಂಡದ 12ನೆಯ ಅಧ್ಯಾಯ ಸಿಕ್ಕಿತು. ನನ್ನ ಭಯಕ್ಕೆ ದೇವರ ರುಜು ಹಾಕಿಸಿಕೊಂಡಿದ್ದೆ, ಅಷ್ಟೇ.

ಹಿರಿಯ ಫಾದರ್ ಒಬ್ಬರು ತಡೆದರು. ಮನಸ್ಸು ಕತ್ತಲಲ್ಲಿರುವಾಗ, ಅದಕ್ಕೂ ಮೊದಲು ನೆಮ್ಮದಿಯಲ್ಲಿ ಮಾಡಿದ್ದ ನಿರ್ಧಾರವನ್ನು ಬದಲಿಸಬಾರದೆಂಬ, ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸರ ಸೂತ್ರವನ್ನು ಹೇಳಿದರು. 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಹಾಸಿಗೆ ಹಿಡಿದಿದ್ದಾಗ, ಆಗಿನ್ನೂ ಯೋಧರಾಗಿದ್ದ ಇಗ್ನೇಷಿಯಸರು ಒಂದು ಸಂಗತಿ ಗಮನಿಸಿದ್ದರು. ಶೌರ್ಯ, ಕೀರ್ತಿಯ ಕನಸುಗಳು ಕಾಣುವಾಗ ಸಿಹಿ, ಮುಗಿದ ಮೇಲೆ ಮನಸ್ಸು ಬರಡು. ಸಂತರಂತೆ ಬಾಳುವ ಯೋಚನೆಯ ಖುಷಿ ಮಾತ್ರ ಯೋಚನೆ ಮುಗಿದ ಮೇಲೂ ಉಳಿಯುತ್ತಿತ್ತು.

ನಾನೂ ಅದನ್ನೇ ಮಾಡಿದೆ. ತಿಂಗಳುಗಟ್ಟಲೆ ಮಲಗುವ ಮುನ್ನ ಎರಡೂ ದಾರಿಗಳನ್ನು ದೇವರ ಮುಂದಿಟ್ಟು ಸುಮ್ಮನೆ ಕುಳಿತೆ. ಮಾರುವ ಯೋಚನೆ ಮೊದಲು ಹಗುರವೆನಿಸಿ, ಬೆಳಗಾಗುವಾಗ ಎದೆ ಖಾಲಿಯಾಗುತ್ತಿತ್ತು. ಉಳಿಯುವ ಯೋಚನೆ ಮೊದಲು ಹೆದರಿಸುತ್ತಿತ್ತು, ನಂತರ ನಿಧಾನವಾಗಿ ನೆಮ್ಮದಿ ಕೊಡುತ್ತಿತ್ತು. ಆದರೂ ಆ ನೆಮ್ಮದಿಯೊಂದನ್ನೇ ನಂಬಲಿಲ್ಲ. ಹೆಂಡತಿಯನ್ನು ಕೇಳಿದೆ, ಇಳಿಜಾರನ್ನು ತಿಳಿದವರಿಗೆ ತೋರಿಸಿದೆ. ಅವರು ಮನೆ ಅಲ್ಲಿರಬಾರದು ಎಂದರು. ಮನೆಯನ್ನು ಸಮತಟ್ಟು ಜಾಗಕ್ಕೆ ಬದಲಿಸಿದೆವು, ತೋಟ ಉಳಿಸಿಕೊಂಡೆವು. ಮಣ್ಣು ಬಲ್ಲವರ ಮಾತೂ ಪ್ರಾರ್ಥನೆಗೆ ಬಂದ ಉತ್ತರವೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಸ್ವಂತ ಆಸೆಯನ್ನು ದೇವರಿಗೆ ಹೇಳುವುದೇ ತಪ್ಪೆಂದು ಕೆಲವರು ಅಳುಕುತ್ತಾರೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮೊದಲು ಹೇಳಿಕೊಂಡದ್ದು ತಮ್ಮ ಆಸೆಯನ್ನೇ: ಈ (ಸಂಕಟದ) ಪಾತ್ರೆ ನನ್ನಿಂದ ದೂರವಾಗಲಿ. ನಂತರವೇ ತಂದೆಯ ಚಿತ್ತದ ಮಾತು. ಅದನ್ನೂ ಅವರು ಮೂರು ಸಲ ಪ್ರಾರ್ಥಿಸಬೇಕಾಯಿತು ಎನ್ನುತ್ತದೆ ಮತ್ತಾಯನ ಸುವಾರ್ತೆ.

ನಮ್ಮ ಪಕ್ಕದ ತೋಟದವರೂ ಆ ವರ್ಷ ನಮ್ಮಷ್ಟೇ ಪ್ರಾರ್ಥಿಸಿ, ಮಾರಿ ಹೋದರು. ಕ್ರಿಸ್ಮಸ್‌ಗೆ ಬಂದಾಗ ನಮ್ಮಲ್ಲೇ ಊಟ ಮಾಡುತ್ತಾರೆ. ಅವರ ಮುಖದಲ್ಲೂ ಅದೇ ನೆಮ್ಮದಿಯನ್ನು ಕಂಡಿದ್ದೇನೆ.