ಸಣ್ಣ ದೋಣಿ, ಸಣ್ಣ ದೂರ: ಲಂಗ್ಕಾವಿ–ಫುಕೆಟ್ ನಡುವೆ ಹಾಯಿದೋಣಿಯಲ್ಲಿ ಒಂದು ಸೀಸನ್

ಹಾಯಿದೋಣಿಯಲ್ಲಿ ಬದುಕಬೇಕು ಎಂಬ ಆಸೆ ಇರುವವರು ಸಾಮಾನ್ಯವಾಗಿ ಮಹಾಸಾಗರ ದಾಟುವ ಕನಸಿನಿಂದ ಶುರು ಮಾಡುತ್ತಾರೆ. ನನ್ನ ಸಲಹೆ ಬೇರೆ. ಮೊದಲ ಸಲ ಸಣ್ಣ ದೋಣಿ ತಗೊಳ್ಳಿ, ಸಣ್ಣ ದೂರ ಇಟ್ಟುಕೊಳ್ಳಿ, ಅಲ್ಲೇ ನಿಧಾನವಾಗಿ ಸುತ್ತಾಡಿ. ನಾನು ಮತ್ತು ನನ್ನ ಗಂಡ ಮಲೇಷ್ಯಾದ ಲಂಗ್ಕಾವಿ ಮತ್ತು ಥಾಯ್ಲೆಂಡಿನ ಫುಕೆಟ್ ನಡುವೆ 32 ಅಡಿಯ ಹಳೆಯ ಫೈಬರ್ ದೋಣಿಯಲ್ಲಿ ಒಂದಿಡೀ ಸೀಸನ್ ಕಳೆದೆವು. ನೇರವಾಗಿ ಹೋದರೆ ಈ ದೂರ ಸುಮಾರು 120 ನಾಟಿಕಲ್ ಮೈಲು, ಅಂದರೆ 220 ಕಿಲೋಮೀಟರ್ ಚಿಲ್ಲರೆ. ಆದರೆ ದಾರಿಯ ಆಚೀಚೆ ಇರುವ ದ್ವೀಪಗಳನ್ನು ನೋಡುತ್ತಾ ಹೋದರೆ ಒಂದು ಸೀಸನ್ ಸಾಲುವುದಿಲ್ಲ.

ಈ ಜಾಗ ಆರಿಸಿದ್ದಕ್ಕೆ ಗಾಳಿಯೇ ಮುಖ್ಯ ಕಾರಣ. ನಾನು ಕುಂದಾಪುರದ ಕಡೆಯವಳು. ಜೂನ್, ಜುಲೈಯಲ್ಲಿ ನಮ್ಮ ಕಡೆ ಮೀನುಗಾರಿಕೆ ಬೋಟುಗಳೆಲ್ಲ ದಡ ಸೇರಿರುತ್ತವೆ ಅಲ್ವಾ? ಅದೇ ನೈಋತ್ಯ ಮುಂಗಾರು ಅಂಡಮಾನ್ ಸಮುದ್ರದ ಈ ಅಂಚಿಗೂ ಬಡಿಯುತ್ತದೆ. ಮೇಯಿಂದ ಅಕ್ಟೋಬರ್ ತನಕ ಪಶ್ಚಿಮದಿಂದ ಬರುವ ತೆರೆಗಳು ನೇರ ದಡಕ್ಕೆ ನುಗ್ಗುತ್ತವೆ. ಡಿಸೆಂಬರ್ ಹೊತ್ತಿಗೆ ಎಲ್ಲ ತಿರುಗುಮುರುಗು. ಆಗ ಗಾಳಿ ಈಶಾನ್ಯದಿಂದ, ಥಾಯ್ಲೆಂಡಿನ ನೆಲದ ಮೇಲಿಂದ ಬೀಸುತ್ತದೆ. ತೆರೆ ಎತ್ತರಕ್ಕೆ ಬೆಳೆಯಬೇಕಾದರೆ ಗಾಳಿಗೆ ಉದ್ದನೆಯ ನೀರು ಬೇಕು. ಇಲ್ಲಿ ಅದು ಸಿಗುವುದಿಲ್ಲ. ಹಾಗಾಗಿ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿಲೋಮೀಟರ್ ಗಾಳಿ ಇದ್ದರೂ ದ್ವೀಪಗಳ ಮರೆಯಲ್ಲಿ ನೀರು ಮಾತ್ರ ಚಪ್ಪಟೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯ ತನಕ ಒಳ್ಳೆಯ ಸಮಯ. ಏಪ್ರಿಲ್‌ನಲ್ಲಿ ಗಾಳಿ ಸೋಲುತ್ತದೆ, ಸೆಖೆ ಏರುತ್ತದೆ, ಸಂಜೆಯ ಗುಡುಗು ಮಿಂಚು ಶುರುವಾಗುತ್ತದೆ.

ಇನ್ನು ದೋಣಿ. ಲಂಗ್ಕಾವಿಯಲ್ಲಿ ಮಾರಾಟಕ್ಕಿರುವ ಹಳೆಯ ಹಾಯಿದೋಣಿಗಳು ಯಾವಾಗಲೂ ಸಿಗುತ್ತವೆ. ಪೆಸಿಫಿಕ್ ದಾಟಿ, ಆಸ್ಟ್ರೇಲಿಯಾ ಮುಗಿಸಿ ಬಂದವರು ಮುಂದಿರುವ ಹಿಂದೂ ಮಹಾಸಾಗರ, ಕೆಂಪು ಸಮುದ್ರ ದಾಟಲು ಹಿಂಜರಿದು ಇಲ್ಲೇ ನಿಲ್ಲುತ್ತಾರೆ. ಸೊಮಾಲಿಯಾ ಕಡಲ್ಗಳ್ಳರ ಕಾಲದಿಂದ ಹೀಗೆ ನಿಂತವರು ಜಾಸ್ತಿ. ಅವರಲ್ಲಿ ಕೆಲವರು ದೋಣಿ ಮಾರಿ ವಿಮಾನದಲ್ಲಿ ಊರಿಗೆ ಹೋಗುತ್ತಾರೆ. ಜೊತೆಗೆ ಲಂಗ್ಕಾವಿ 1987ರಿಂದ ಸುಂಕವಿಲ್ಲದ ದ್ವೀಪ. ಬಿಡಿಭಾಗ ತರಿಸಿಕೊಳ್ಳುವುದೂ ಸುಲಭ.

ಇಬ್ಬರಿಗೆ 30ರಿಂದ 34 ಅಡಿ ಸಾಕು. ದೊಡ್ಡದಾದಷ್ಟೂ ಹಾಯಿ ಭಾರ, ಲಂಗರು ಭಾರ, ಮರೀನಾ (ದೋಣಿ ನಿಲ್ದಾಣ) ಬಾಡಿಗೆ ಜಾಸ್ತಿ. ಕೊಳ್ಳುವ ಮೊದಲು ದೋಣಿಯನ್ನು ನೀರಿನಿಂದ ಎತ್ತಿಸಿ, ದೋಣಿ ಪರೀಕ್ಷಿಸುವ ಸರ್ವೇಯರ್ ಹತ್ತಿರ ನೋಡಿಸಲೇಬೇಕು. ಬಣ್ಣ, ಮೆತ್ತೆ, ಪರದೆಗಳನ್ನು ನೋಡಿ ಮರುಳಾಗಬೇಡಿ. ಹಾಯಿ ಕಟ್ಟುವ ಕೂವೆಮರವನ್ನು ಹಿಡಿದಿರುವ ಸ್ಟೀಲ್ ತಂತಿಗಳಿಗೆ ಎಷ್ಟು ವಯಸ್ಸು, ಡೀಸೆಲ್ ಇಂಜಿನ್ ತಣ್ಣಗಿರುವಾಗ ಒಂದೇ ಸಲಕ್ಕೆ ಹತ್ತಿಕೊಳ್ಳುತ್ತದಾ, ತಳದ ಕವಾಟಗಳು ಸಲೀಸಾಗಿ ತಿರುಗುತ್ತವಾ, ಇದನ್ನು ನೋಡಿ. ತಂತಿಗಳಿಗೆ 10-15 ವರ್ಷ ಆಗಿದ್ದರೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ವರ್ಷದ ರಿಪೇರಿ, ನಿರ್ವಹಣೆಗೆ ದೋಣಿಯ ಬೆಲೆಯ ಹತ್ತನೇ ಒಂದು ಭಾಗ ಎತ್ತಿಡಬೇಕು ಎಂದು ದೋಣಿ ಜನ ಹೇಳುತ್ತಾರೆ. ಹಳೆಯ ದೋಣಿಗೆ ಮೊದಲ ವರ್ಷ ಇನ್ನೂ ಸ್ವಲ್ಪ ಜಾಸ್ತಿಯೇ ಇಟ್ಟುಕೊಳ್ಳಿ.

ಹಾಯಿ ಬಿಡುವುದನ್ನು ಕಲಿಯದೆ ಹೊರಡಬೇಡಿ. ಬ್ರಿಟನ್ನಿನ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ‘ಕಾಂಪಿಟೆಂಟ್ ಕ್ರ್ಯೂ’ ಮತ್ತು ‘ಡೇ ಸ್ಕಿಪ್ಪರ್’ ಕೋರ್ಸುಗಳು ಒಳ್ಳೆಯ ಅಡಿಪಾಯ. ಗಂಡ ಹೆಂಡತಿ ಹೊರಡುವುದಾದರೆ ಇಬ್ಬರೂ ಕಲಿಯಿರಿ. ಒಬ್ಬರಿಗೆ ಜ್ವರ ಬಂದರೆ, ಕೈಗೆ ಪೆಟ್ಟಾದರೆ, ಇನ್ನೊಬ್ಬರು ಇಂಜಿನ್ ಚಾಲೂ ಮಾಡಿ ಲಂಗರು ಎತ್ತಿ ಬಂದರಿಗೆ ತರುವಂತಿರಬೇಕು. ರೇಡಿಯೋದಲ್ಲಿ 16ನೇ ಚಾನೆಲ್‌ಗೆ ಹೋಗಿ ಸಹಾಯ ಕೇಳುವುದು ಇಬ್ಬರಿಗೂ ಗೊತ್ತಿರಬೇಕು. ಹೆಂಗಸರು ಅಡುಗೆ, ಗಂಡಸರು ಚುಕ್ಕಾಣಿ ಎಂಬ ಹಂಚಿಕೆ ಹಲವು ದೋಣಿಗಳಲ್ಲಿ ಕಂಡೆ. ನನಗೆ ಅದು ಅಪಾಯ ಅನಿಸುತ್ತದೆ.

ಈಗ ಲಂಗರಿನ ವಿಷಯ. ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಈ ಬದುಕಿನಲ್ಲಿ ಹಾಯಿ ಬಿಟ್ಟುಕೊಂಡು ಹೋಗುವ ಸಮಯ ಕಡಿಮೆ, ಲಂಗರು ಹಾಕಿ ನಿಲ್ಲುವ ಸಮಯವೇ ಜಾಸ್ತಿ. ಮರೀನಾ ಖರ್ಚು ಉಳಿಯುವುದೂ ಇದರಿಂದಲೇ. ನಮ್ಮ ಅಳತೆಯ ದೋಣಿಗೆ 15 ಕಿಲೋದ ಹೊಸ ಮಾದರಿಯ ಲಂಗರು ಮತ್ತು 8 ಮಿಲಿಮೀಟರಿನ 50 ಮೀಟರ್ ಸರಪಳಿ ಇದ್ದರೆ ನೆಮ್ಮದಿ. ಬರೀ ಸರಪಳಿಯೇ 70 ಕಿಲೋ ತೂಗುತ್ತದೆ. ಹಾಗಾಗಿ ಎತ್ತಲು ವಿಂಡ್ಲಾಸ್, ಅಂದರೆ ಸರಪಳಿ ಎಳೆಯುವ ರಾಟೆಯಂಥ ಯಂತ್ರ, ಬೇಕೇ ಬೇಕು.

ಎಷ್ಟು ಸರಪಳಿ ಬಿಡಬೇಕು ಎಂಬ ಲೆಕ್ಕದಲ್ಲಿ ಉಬ್ಬರವನ್ನು ಮರೆಯಬಾರದು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಇಲ್ಲಿ ಉಬ್ಬರ ಇಳಿತದ ನಡುವೆ 3 ಮೀಟರ್ ತನಕ ವ್ಯತ್ಯಾಸ ಇರುತ್ತದೆ. ಇಳಿತದಲ್ಲಿ 6 ಮೀಟರ್ ಆಳ ಇದೆ ಅಂದುಕೊಳ್ಳಿ. ಉಬ್ಬರದ 3 ಸೇರಿಸಿ, ನೀರಿನಿಂದ ದೋಣಿಯ ಮೂತಿಗೆ ಇರುವ 1 ಮೀಟರ್ ಸೇರಿಸಿ. ಒಟ್ಟು 10. ಅದರ ಐದು ಪಟ್ಟು, ಅಂದರೆ 50 ಮೀಟರ್ ಸರಪಳಿ. ಜಾಗ ಇಕ್ಕಟ್ಟಾಗಿದೆ ಎಂದು ಕಡಿಮೆ ಬಿಟ್ಟು ಮಲಗುವುದಕ್ಕಿಂತ ಬೇರೆ ಕೊಲ್ಲಿ ಹುಡುಕುವುದು ಒಳ್ಳೆಯದು. ಲಂಗರು ನೆಲ ಮುಟ್ಟಿದ ಮೇಲೆ ಸುಮ್ನೆ ಬಿಟ್ಟು ಬರಬೇಡಿ. ಇಂಜಿನ್ನನ್ನು ಹಿಮ್ಮುಖ ಹಾಕಿ, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಎಳೆಯಿರಿ. ದಡದ ಮೇಲೆ ಒಂದರ ಹಿಂದೆ ಒಂದು ಇರುವ ಎರಡು ಗುರುತು ನೋಡಿಕೊಳ್ಳಿ, ಒಂದು ಮರ, ಅದರ ಹಿಂದೆ ಒಂದು ಬಂಡೆ. ಅವು ಒಂದಕ್ಕೊಂದು ಅಲ್ಲಾಡದಿದ್ದರೆ ಲಂಗರು ಹಿಡಿದಿದೆ ಎಂದರ್ಥ. ಫೋನಿನಲ್ಲಿ ಲಂಗರು ಅಲಾರಂ ಆ್ಯಪ್ ಕೂಡ ಹಾಕಿಡಿ.

ಫುಕೆಟ್‌ನ ಪೂರ್ವಕ್ಕಿರುವ ಫಾಂಗ್‌ನ್ಗಾ ಕೊಲ್ಲಿಯಲ್ಲಿ ತಳ ಕೆಸರು, ಆಳ ಕಡಿಮೆ, ಲಂಗರು ಚೆನ್ನಾಗಿ ಕಚ್ಚುತ್ತದೆ. ಆದರೆ ಅಲ್ಲಿ ಉಬ್ಬರದ ಸೆಳೆತ ಗಾಳಿಗೆ ಎದುರಾಗಿ ಹರಿಯುವುದುಂಟು. ಆಗ ದೋಣಿಗಳು ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಲ್ಲುತ್ತವೆ. ಪಕ್ಕದ ದೋಣಿಯಿಂದ ದೂರ ಇರಿ. ಹೊರಗಿನ ದ್ವೀಪಗಳಲ್ಲಿ ಹವಳ ಇದೆ. ಅದರ ಮೇಲೆ ಲಂಗರು ಹಾಕುವುದು ಥಾಯ್ ರಾಷ್ಟ್ರೀಯ ಉದ್ಯಾನಗಳಲ್ಲಿ ನಿಷೇಧ. ಅಲ್ಲಿ ತೇಲುವ ಬೋಯೆಗಳನ್ನು ಕಟ್ಟಿಟ್ಟಿರುತ್ತಾರೆ, ಅದಕ್ಕೆ ಹಗ್ಗ ಹಾಕಿ. ಹಗ್ಗ ಹಾಕಿದ ಮೇಲೆ ಒಮ್ಮೆ ಮುಳುಗಿ, ಬೋಯೆಯ ಕೆಳಗಿನ ಹಗ್ಗ ಗಟ್ಟಿ ಇದೆಯಾ ನೋಡಿಕೊಂಡೇ ಮಲಗಿ.

ರಾತ್ರಿ ಪ್ರಯಾಣ ಮಾಡಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ದೂರಗಳೇ ಹಾಗಿವೆ, ಬೇಕಾಗುವುದೂ ಇಲ್ಲ. ಲಂಗ್ಕಾವಿಯ ತೆಲಾಗಾ ಬಂದರಿನಿಂದ ಕೋ ಲಿಪೆ (ಥಾಯ್‌ನಲ್ಲಿ ‘ಕೋ’ ಅಂದರೆ ದ್ವೀಪ) ಸುಮಾರು 25 ನಾಟಿಕಲ್ ಮೈಲು, ಲಿಪೆಯಿಂದ ಕೋ ರೋಕ್ 45, ಅಲ್ಲಿಂದ ಫಿ ಫಿ 35, ಫಿ ಫಿಯಿಂದ ಫುಕೆಟ್‌ನ ಆವ್ ಚಲಾಂಗ್ ಕೊಲ್ಲಿ 25. ಗಂಟೆಗೆ 5 ನಾಟಿಕಲ್ ಮೈಲಿನ ಲೆಕ್ಕ ಇಟ್ಟುಕೊಂಡರೆ ಉದ್ದದ ದಿನವೂ 9 ಗಂಟೆಯಲ್ಲಿ ಮುಗಿಯುತ್ತದೆ. ಬೆಳಕು ಹರಿಯುವಾಗ ಹೊರಟರೆ ಬೆಳಕಿದ್ದಾಗಲೇ ಸೇರುತ್ತೀರಿ. ಕತ್ತಲಾದರೆ ಮೀನಿನ ಬಲೆ, ಬೋನುಗಳು ಕಾಣುವುದಿಲ್ಲ. ಕೆಲವಕ್ಕೆ ಬಾವುಟದ ಕೋಲು ಇರುತ್ತದೆ, ಕೆಲವಕ್ಕೆ ಬರೀ ಖಾಲಿ ಪ್ಲಾಸ್ಟಿಕ್ ಬಾಟಲಿ. ಬಂಗುಡೆ ಬಲೆ ನೋಡಿ ಬೆಳೆದ ನನಗೂ ಅವನ್ನು ಗುರುತಿಸಲು ಕಣ್ಣು ಪಳಗಬೇಕಾಯಿತು. ಎರಡು ಟ್ರಾಲರುಗಳು ಒಂದೇ ವೇಗದಲ್ಲಿ ಅಕ್ಕಪಕ್ಕ ಹೋಗುತ್ತಿದ್ದರೆ ನಡುವೆ ನುಗ್ಗಬೇಡಿ, ಎರಡೂ ಸೇರಿ ಒಂದೇ ಬಲೆ ಎಳೆಯುತ್ತಿರುತ್ತವೆ. ಕರಾವಳಿಯವರಿಗೆ ಈ ಬುಲ್ ಟ್ರಾಲಿಂಗ್ ಗೊತ್ತಿರುವುದೇ. ಪ್ರೊಪೆಲ್ಲರಿಗೆ ಹಗ್ಗ ಸುತ್ತಿಕೊಂಡರೆ ಬಿಡಿಸಲು ಒಂದು ಮಾಸ್ಕ್, ಹಲ್ಲಿರುವ ಚಾಕು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಇಂಜಿನ್ ಆರಿಸಿ, ಕೀಲಿ ಕೈಯಲ್ಲಿ ಹಿಡಿದೇ ನೀರಿಗೆ ಇಳಿಯಿರಿ.

ಕಾಗದಪತ್ರ ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಮಲೇಷ್ಯಾ ಬಿಡುವಾಗ ಇಮಿಗ್ರೇಷನ್, ಕಸ್ಟಮ್ಸ್, ಬಂದರು ಕಚೇರಿ ಮೂರರಲ್ಲೂ ಮುದ್ರೆ ಹಾಕಿಸಿ. ಅಲ್ಲಿ ಕೊಡುವ ನಿರ್ಗಮನ ಪತ್ರವನ್ನು ಥಾಯ್ಲೆಂಡಿನಲ್ಲಿ ಕೇಳುತ್ತಾರೆ. ಆವ್ ಚಲಾಂಗ್‌ನಲ್ಲಿ ಎಲ್ಲ ಕಚೇರಿಗಳೂ ಜೆಟ್ಟಿಯ ಹತ್ತಿರ ಒಂದೇ ಕಡೆ ಇವೆ. ಅಲ್ಲಿ ಪ್ರವೇಶ ಪಡೆಯುವ ತನಕ ಹಳದಿ ಬಾವುಟ ಹಾರಿಸಬೇಕು, ದಾರಿಯ ದ್ವೀಪಗಳಲ್ಲಿ ದಡಕ್ಕೆ ಇಳಿಯಬಾರದು. ಆದ್ದರಿಂದ ದಾರಿಯಲ್ಲಿ ರಾತ್ರಿಗೆ ಲಂಗರು ಮಾತ್ರ ಹಾಕುತ್ತಾ ಮೊದಲು ಚಲಾಂಗ್‌ಗೆ ಹೋಗಿ, ಆಮೇಲೆ ಅಲ್ಲಿಂದ ಆರಾಮಾಗಿ ದಕ್ಷಿಣಕ್ಕೆ ಇಳಿಯುತ್ತಾ ಬನ್ನಿ. ಭಾರತದ ಪಾಸ್‌ಪೋರ್ಟಿನ ವೀಸಾ ನಿಯಮ ಆಗಾಗ ಬದಲಾಗುತ್ತದೆ. ವಿಮಾನದಲ್ಲಿ ಬರುವವರಿಗೆ ಇರುವ ನಿಯಮವೇ ದೋಣಿಯಲ್ಲಿ ಬರುವವರಿಗೂ ಇದೆ ಎಂದು ಭಾವಿಸಬೇಡಿ, ರಾಯಭಾರ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ನಿಮ್ಮ ವೀಸಾ ಬೇರೆ, ದೋಣಿಯ ಪರವಾನಗಿ ಬೇರೆ.

ದಿನದ ಬದುಕಿಗೆ ಬರೋಣ. ನೀರು ಇಬ್ಬರಿಗೆ ದಿನಕ್ಕೆ 20 ಲೀಟರ್ ಸಾಕು. ಕೇಳಿದರೆ ಕಡಿಮೆ ಅನಿಸುತ್ತದೆ, ಅಭ್ಯಾಸ ಆಗುತ್ತದೆ. ಸಮುದ್ರದಲ್ಲಿ ಈಜಿ, ಮೇಲೆ ಎರಡು ಲೀಟರ್ ಸಿಹಿನೀರು ಹೊಯ್ದುಕೊಂಡರೆ ಸ್ನಾನ ಆಯಿತು. ಪಾತ್ರೆಯನ್ನು ಉಪ್ಪುನೀರಲ್ಲಿ ತೊಳೆದು ಕೊನೆಯಲ್ಲಿ ಮಾತ್ರ ಸಿಹಿನೀರು. 200 ಲೀಟರ್ ಟ್ಯಾಂಕ್ ಹತ್ತು ದಿನ ಬರುತ್ತದೆ. ಇಲ್ಲಿ ಅಷ್ಟರೊಳಗೆ ಯಾವುದಾದರೂ ಊರು ಸಿಕ್ಕೇ ಸಿಗುತ್ತದೆ. ಸಮುದ್ರದ ನೀರನ್ನು ಸಿಹಿನೀರು ಮಾಡುವ ದುಬಾರಿಯ ವಾಟರ್‌ಮೇಕರ್ ಈ ದಾರಿಗೆ ಬೇಡ. ಕರೆಂಟ್ ಬಹುಪಾಲು ಸಣ್ಣ ಫ್ರಿಜ್ಜಿಗೇ ಹೋಗುತ್ತದೆ. ಸೆಖೆಯಲ್ಲಿ ಅದು ದಿನಕ್ಕೆ 50 ಆಂಪಿಯರ್-ಅವರ್ ಆಸುಪಾಸು ಎಳೆಯುತ್ತದೆ. 300 ವ್ಯಾಟ್ ಸೋಲಾರ್ ಇದ್ದರೆ ಫ್ರಿಜ್, ಫ್ಯಾನ್, ದೀಪ, ಫೋನ್ ಎಲ್ಲ ನಡೆಯುತ್ತದೆ. ಫ್ಯಾನ್ ವಿಷಯದಲ್ಲಿ ಜಿಪುಣತನ ಬೇಡ. ಪ್ರತಿ ಹಾಸಿಗೆಗೂ ಒಂದು, ಅಡುಗೆ ಜಾಗಕ್ಕೊಂದು. ಡೆಕ್ ಮೇಲೆ ನೆರಳಿಗೆ ದಪ್ಪ ಬಟ್ಟೆ ಕಟ್ಟದೆ ಇಲ್ಲಿ ಹಗಲು ಕಳೆಯಲು ಆಗುವುದಿಲ್ಲ.

ಅಡುಗೆಯಲ್ಲಿ ನಮ್ಮ ಪದ್ಧತಿ ದೋಣಿಗೆ ಹೇಳಿ ಮಾಡಿಸಿದ ಹಾಗಿದೆ. ಪ್ರೆಷರ್ ಕುಕ್ಕರ್ ಗ್ಯಾಸ್ ಉಳಿಸುತ್ತದೆ, ಮುಚ್ಚಳ ಬಿಗಿ ಇರುವುದರಿಂದ ದೋಣಿ ವಾಲಿದಾಗ ಚೆಲ್ಲುವುದೂ ಇಲ್ಲ. ಪ್ರಯಾಣದ ದಿನ ಒಲೆ ಹಚ್ಚಬೇಡಿ. ಅವಲಕ್ಕಿಗೆ ಕಾಯಿ, ಚಟ್ನಿಪುಡಿ ಕಲಸಿಟ್ಟರೆ ಆಯಿತು. ತೊಗರಿಬೇಳೆ, ಸಾಸಿವೆ, ಕರಿಬೇವು ಲಂಗ್ಕಾವಿಯ ಕುವಾ ಪೇಟೆಯಲ್ಲಿ ಸಿಗುತ್ತವೆ. ರಾಗಿ ಹಿಟ್ಟನ್ನು ಮಾತ್ರ ಊರಿಂದ ತನ್ನಿ, ಗಾಳಿಯಾಡದ ಡಬ್ಬಿಗಳಲ್ಲಿ ಸಣ್ಣ ಸಣ್ಣದಾಗಿ ತುಂಬಿಡಿ. ಅಂಗಡಿಯ ರಟ್ಟಿನ ಪೆಟ್ಟಿಗೆಯನ್ನು ದೋಣಿ ಹತ್ತಿಸಬೇಡಿ, ಜಿರಲೆ ಮೊಟ್ಟೆ ಬರುವುದೇ ಅದರಲ್ಲಿ. ಸಸ್ಯಾಹಾರಿಗಳಾದರೆ ಫುಕೆಟ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುವ ಊಟದ ಅಂಗಡಿ ಹುಡುಕಿ, ಅಲ್ಲಿ ಮೀನಿನ ಸಾಸ್ ಕೂಡ ಹಾಕುವುದಿಲ್ಲ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಸೇರುತ್ತದೆ, ಒಂದು ಕಿಡಿ ಸಾಕು. ಸಿಲಿಂಡರಿನ ಕವಾಟವನ್ನು ಪ್ರತಿ ಸಲ ಅಡುಗೆ ಆದ ಕೂಡಲೇ ಮುಚ್ಚಿ.

ಎಲ್ಲಿ ನಿಲ್ಲಬೇಕು? ಫಾಂಗ್‌ನ್ಗಾ ಕೊಲ್ಲಿಗೆ ಜಾಸ್ತಿ ದಿನ ಕೊಡಿ. ನೀರಿನಿಂದ ನೇರ ಮೇಲೆದ್ದ ಸುಣ್ಣದಕಲ್ಲಿನ ದ್ವೀಪಗಳ ಒಳಗೆ ‘ಹಾಂಗ್’ಗಳಿವೆ. ನಾಲ್ಕೂ ಕಡೆ ಕಲ್ಲಿನ ಗೋಡೆ, ಮೇಲೆ ಆಕಾಶ, ನಡುವೆ ಕಾಂಡ್ಲಾ ಗಿಡಗಳು. ಕೋ ಪನಾಕ್‌ನ ಗುಹೆಗಳ ಮೂಲಕ ಕಯಾಕಿನಲ್ಲಿ ಒಳಗೆ ಹೋಗಬಹುದು. ಉಬ್ಬರ ಜಾಸ್ತಿಯಾದರೆ ಗುಹೆಯ ದಾರಿ ಮುಚ್ಚಿಹೋಗುತ್ತದೆ, ಇಳಿತ ಜಾಸ್ತಿಯಾದರೆ ಕೆಸರು. ಉಬ್ಬರದ ಪಟ್ಟಿ ನೋಡಿ ನಡು ಹೊತ್ತಿಗೆ ಹೋಗಿ, ಹಗಲಿನ ಪ್ರವಾಸಿ ಬೋಟುಗಳು ಬರುವ ಮೊದಲೇ ಮುಗಿಸಿ. ದೋಣಿಯಲ್ಲಿ ಬದುಕುವವರಿಗೆ ಸಿಗುವ ದೊಡ್ಡ ಲಾಭ ಇದೇ, ಬೆಳಿಗ್ಗೆ ಆರಕ್ಕೆ ನೀವಿರುವುದು ಅಲ್ಲೇ. ಕೋ ಮುಕ್‌ನ ಪಚ್ಚೆ ಗುಹೆಯೂ ಹೀಗೇ. ಸುಮಾರು 80 ಮೀಟರ್ ಕತ್ತಲಲ್ಲಿ ಈಜಿ ಹೋದರೆ ಒಳಗೆ ಪುಟ್ಟ ಮರಳ ದಂಡೆ. ನೀರು ನುಗ್ಗದ ಟಾರ್ಚ್ ಬೇಕು. ಲಂಗ್ಕಾವಿಯ ದಕ್ಷಿಣಕ್ಕೆ ದಾಯಂಗ್ ಬುಂಟಿಂಗ್ ದ್ವೀಪದಲ್ಲಿ ಸಿಹಿನೀರಿನ ಸರೋವರ ಇದೆ. ಉಪ್ಪಿನಿಂದ ಬೇಸತ್ತ ಮೈಗೆ ಅಲ್ಲಿನ ಈಜು ಹಿತ. ಫಿ ಫಿಯಲ್ಲಿ ಗದ್ದಲ, ಒಂದು ರಾತ್ರಿ ಸಾಕು.

ಏಪ್ರಿಲ್ ಕೊನೆಗೆ ದೋಣಿಯನ್ನು ಎಲ್ಲಿ ಬಿಡುತ್ತೀರಿ ಎಂಬುದನ್ನು ಜನವರಿಯಲ್ಲೇ ತೀರ್ಮಾನ ಮಾಡಿ. ಲಂಗ್ಕಾವಿಯ ರೆಬಾಕ್ ಮರೀನಾದಲ್ಲಿ ದೋಣಿಯನ್ನು ನೀರಿನಿಂದ ಎತ್ತಿ ನೆಲದ ಮೇಲೆ ನಿಲ್ಲಿಸುವ ಜಾಗ ಇದೆ. ಮಳೆಗಾಲಕ್ಕೆ ಮುಂಚೆ ಎಲ್ಲರೂ ಅದನ್ನೇ ಕೇಳುತ್ತಾರೆ. ಬಿಟ್ಟು ಹೋಗುವ ಮುನ್ನ ಹಾಯಿಗಳನ್ನು ಸಿಹಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಮಡಚಿ. ಫ್ರಿಜ್ ಖಾಲಿ ಮಾಡಿ ಬಾಗಿಲು ತೆರೆದಿಡಿ. ಇಂಜಿನ್ ಎಣ್ಣೆಯನ್ನು ಹೋಗುವ ಮೊದಲೇ ಬದಲಿಸಿ, ಬಂದ ಮೇಲೆ ಅಲ್ಲ. ಡೀಸೆಲ್ ಟ್ಯಾಂಕನ್ನು ಪೂರ್ತಿ ತುಂಬಿಸಿ, ಖಾಲಿ ಜಾಗ ಇದ್ದರೆ ತೇವ ಕೂತು ನೀರು ಸೇರುತ್ತದೆ. ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬೂಷ್ಟು ಕಡಿಮೆ. ತಿಂಗಳಿಗೊಮ್ಮೆ ಒಳಗೆ ಹೋಗಿ ಕಿಟಕಿ ತೆರೆದು ನೋಡಲು ಸ್ಥಳೀಯರೊಬ್ಬರಿಗೆ ಹಣ ಕೊಟ್ಟು ಒಪ್ಪಿಸಿ, ಫೋಟೋ ಕಳಿಸಲು ಹೇಳಿ.